ಮೇಸ್ತ್ರಿ ಮನೆಯ ಕೆರೆತ

"ನಮ್ಮ ಕಡೆ ಯಾರಿಗೂ ಇಲ್ಲ ಡಾಕ್ಟ್ರೇ, ಆಣೆ ಇಟ್ಟು ಹೇಳ್ತೀನಿ," ಎನ್ನುತ್ತ ಗಂಡ ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಉಜ್ಜಿಕೊಂಡ.

ಉಜ್ಜಿಕೊಂಡದ್ದು ಅವನಿಗೆ ಗೊತ್ತಾಗಲಿಲ್ಲ. ಉಸಿರಾಡುವುದು ಯಾರಿಗೆ ಗೊತ್ತಾಗುತ್ತದೆ? ಆದರೆ ಚರ್ಮದ ಡಾಕ್ಟರಮ್ಮನ ಪೆನ್ನು ಕಾಗದದಿಂದ ಅರ್ಧ ಬೆರಳು ಮೇಲೆ ನಿಂತಿತು. ಅವರು ನೋಡಿದ್ದನ್ನು ಹೆಂಡತಿ ನೋಡಿದಳು. ಆ ಚಿಕ್ಕ ಕೋಣೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಡಾಕ್ಟರಮ್ಮ, ಇನ್ನೊಂದರಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಡತಿ. ಹಾಗಾಗಿ ಗಂಡನ ಪಾಲಿಗೆ ಚೌಕಟ್ಟು ಬಂದಿತ್ತು, ಅವನಿಗೆ ಅದರ ಬಗ್ಗೆ ಯಾವ ತಕರಾರೂ ಇದ್ದಂತಿರಲಿಲ್ಲ.

ಮಗಳಿಗೆ ಏಳು ವರ್ಷ. ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ, ಕುತ್ತಿಗೆಯ ಸುತ್ತ ಚರ್ಮ ಕೆಂಪಗೆ ಒರಟಾಗಿ, ಕೆರೆದು ಕೆರೆದು ಅಲ್ಲಲ್ಲಿ ಒಸರುತ್ತಿತ್ತು. ಪಾಠ ಓದುವಾಗ ಮೇಜಿನ ಕೆಳಗಿಂದ ಕರಕರ ಸದ್ದು ಬರುತ್ತದೆಂದು ತಾತ ಅವಳಿಗೆ ಜೀರುಂಡೆ ಎಂದು ಹೆಸರಿಟ್ಟಿದ್ದರು. ಈಗ ಮನೆಮಂದಿಗೆಲ್ಲ ಅವಳು ಜೀರುಂಡೆಯೇ.

"ಇದು ಇಸುಬು," ಎಂದರು ಡಾಕ್ಟರಮ್ಮ. "ಮನೆತನದಲ್ಲಿ ಬರೋದು ಜಾಸ್ತಿ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನಿಮ್ಮ ತಂದೆ? ಅಜ್ಜಿ? ಚರ್ಮರೋಗ ಏನಾದ್ರೂ?"

"ನಮ್ಮದೆಲ್ಲ ಗಟ್ಟಿ ಚರ್ಮ ಮೇಡಂ. ಮೂರು ತಲೆಮಾರಿಂದ ಗಾರೆ ಕೆಲಸ. ನಾನು ಟೈಲ್ಸ್ ಕೂರಿಸ್ತೀನಿ, ನಮ್ಮಪ್ಪ ಮೇಸ್ತ್ರಿ. ಸುಣ್ಣ, ಸಿಮೆಂಟು ಎಲ್ಲ ಬರಿಗೈಯಲ್ಲೇ ಕಲಸಿದ ಮನುಷ್ಯ," ಎಂದು ಗಂಡ ಈ ಬಾರಿ ಬಲ ಭುಜವನ್ನು ಉಜ್ಜಿಕೊಂಡ.

"ನಿಮ್ಮ ಕಡೆ ಅಮ್ಮಾ?"

ಹೆಂಡತಿ ಇದಕ್ಕಾಗಿಯೇ ಕಾಯುತ್ತಿದ್ದವಳಂತೆ ನೆಟ್ಟಗೆ ಕೂತಳು. "ನಮ್ಮಣ್ಣನಿಗೆ ಚಿಕ್ಕವನಿದ್ದಾಗ ಉಬ್ಬಸ ಇತ್ತು. ಸೋದರಮಾವನಿಗೆ ಧೂಳು ಕಂಡ್ರೆ ಆಗಲ್ಲ, ಒಂದೇ ಉಸಿರಿಗೆ ಹನ್ನೊಂದು ಸಲ ಸೀನ್ತಾರೆ. ಚಿಕ್ಕಮ್ಮನಿಗೆ ತಲೆಹೊಟ್ಟು. ಆಮೇಲೆ..." ಅವಳ ದನಿ ತಗ್ಗಿತು. "ಆಮೇಲೆ ನಾನು ಏಳನೇ ತಿಂಗಳಲ್ಲಿ ಬದನೆಕಾಯಿ ತಿಂದಿದ್ದೆ."

"ಬದನೆಕಾಯಿ?"

"ಎರಡು ಸಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

ಏಳು ವರ್ಷ ಹೊತ್ತ ಭಾರವನ್ನು ಯಾರಾದರೂ ಒಂದೇ ವಾಕ್ಯದಲ್ಲಿ ಇಳಿಸಿಬಿಟ್ಟರೆ ನಂಬುವುದು ಹೇಗೆ? ಅವಳು ಬಸ್ ಡಿಪೋದಲ್ಲಿ ಪಾಸ್ ಕೊಡುವ ಕೌಂಟರಿನಲ್ಲಿ ಕೂರುವವಳು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆಯಿಲ್ಲ. ಫಾರಂ ಬೇಕು, ಸಹಿ ಬೇಕು, ಒಂದು ಕಾಲಂ ಖಾಲಿಯಿದ್ದರೂ ವಾಪಸ್ ಕಳಿಸಬೇಕು. "ಅದನ್ನ ಬರ್ದು ಕೊಡ್ತೀರಾ?" ಎಂದು ಕೇಳಿಯೇಬಿಟ್ಟಳು.

ಡಾಕ್ಟರಮ್ಮ ನಗಲಿಲ್ಲ. ಕಾಗದದ ಮೇಲೆ ಇಟ್ಟಿಗೆ ಸಾಲುಗಳ ಚಿತ್ರ ಬರೆದರು. "ಚರ್ಮ ಅಂದ್ರೆ ಒಂದು ಗೋಡೆ ಅಂದ್ಕೊಳ್ಳಿ. ಇವು ಇಟ್ಟಿಗೆ, ಮಧ್ಯೆ ಇರೋದು ಗಾರೆ. ಗಾರೆ ಸರಿಯಾಗಿದ್ರೆ ಒಳಗಿನ ನೀರು ಒಳಗಿರತ್ತೆ, ಹೊರಗಿನ ಧೂಳು ಹೊರಗಿರತ್ತೆ. ಗಾರೆ ಸಡಿಲವಾಗಿದ್ರೆ ಒಣಗತ್ತೆ, ಬಿರಿಯತ್ತೆ, ಕೆರೆಯತ್ತೆ. ಆ ಗಾರೆಯನ್ನ ಹೇಗೆ ಮಾಡ್ಬೇಕು ಅನ್ನೋದು ಮೈಯೊಳಗೆ ಬರ್ದಿರತ್ತೆ. ಒಂದು ಪ್ರತಿ ಅಪ್ಪನಿಂದ ಬರತ್ತೆ, ಒಂದು ಪ್ರತಿ ಅಮ್ಮನಿಂದ. ಕೆಲವರ ಪ್ರತಿಯಲ್ಲಿ ಒಂದು ಸಾಲು ಬಿಟ್ಟುಹೋಗಿರತ್ತೆ. ಮುಂದಿನವರಿಗೂ ಆ ಸಾಲಿಲ್ಲದ ಪ್ರತಿಯೇ ಹೋಗ್ಬಹುದು."

ಇದು ಹೆಂಡತಿಗೆ ಕೂಡಲೇ ಅರ್ಥವಾಯಿತು. ಮೂಲದಲ್ಲಿ ತಪ್ಪಿದ್ದರೆ ಜೆರಾಕ್ಸಿನಲ್ಲೂ ತಪ್ಪೇ. "ಹಾಗಾದ್ರೆ ಯಾರ ಪ್ರತಿಯಲ್ಲಿ ತಪ್ಪಿರೋದು?"

"ಒಬ್ಬರದಿರಬಹುದು, ಇಬ್ಬರದೂ ಇರಬಹುದು. ನಿಮ್ಮಣ್ಣನ ಉಬ್ಬಸವೂ ಇದರ ನೆಂಟನೇ. ಇಂಥ ಸಾಲುಗಳು ಒಂದಲ್ಲ, ಹತ್ತಾರಿವೆ. ಜೊತೆಗೆ ಹವೆ, ಸೋಪು, ಧೂಳು ಎಲ್ಲ ಸೇರ್ಕೊಳ್ಳತ್ತೆ. ಯಾರ ತಪ್ಪೂ ಅಲ್ಲಮ್ಮ."

"ಯಾರ ತಪ್ಪೂ ಅಲ್ಲ ಅನ್ನೋದು ನಮ್ಮನೇಲಿ ನಡೆಯಲ್ಲ ಡಾಕ್ಟ್ರೇ," ಎಂದಳು ಹೆಂಡತಿ.

ಡಾಕ್ಟರಮ್ಮ ಜೀರುಂಡೆಯ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು. ಹೆಂಡತಿಯ ಅಂಗೈ ನೋಡಿದರು. ಗಂಡನಿಗೆ, "ನಿಮ್ಮದೂ ಕೊಡಿ," ಎಂದರು.

ಗಂಡ ಪ್ಯಾಂಟಿಗೆ ಕೈ ಒರೆಸಿಕೊಂಡು ಚಾಚಿದ. "ಆಯಸ್ಸು ಎಷ್ಟಿದೆ ಮೇಡಂ?"

"ಗೆರೆ ಬಹಳ ಇವೆ," ಎಂದರು ಡಾಕ್ಟರಮ್ಮ. "ಗಾರೆಯ ಆ ಸಾಲು ಬಿಟ್ಟುಹೋದವರ ಅಂಗೈಯಲ್ಲಿ ಹೀಗೆ ಒತ್ತೊತ್ತಾಗಿ ಗೆರೆ ಇರೋದುಂಟು. ಇಷ್ಟರಿಂದಲೇ ತೀರ್ಮಾನ ಮಾಡೋಕಾಗಲ್ಲ, ಇದೊಂದು ಸುಳಿವು ಅಷ್ಟೆ." ಮೇಜಿನ ಖಾನೆಯಿಂದ ಒಂದು ಫಾರಂ ತೆಗೆದರು. ಮೇಲೆ 'ಕುಟುಂಬದ ಆರೋಗ್ಯ ಚರಿತ್ರೆ' ಎಂದಿತ್ತು. ಎಡಗಡೆ ತಂದೆಯ ಕಡೆಯವರು, ಬಲಗಡೆ ತಾಯಿಯ ಕಡೆಯವರು. "ಗುರುವಾರ ತುಂಬಿಸ್ಕೊಂಡು ಬನ್ನಿ. ಈ ಮುಲಾಮು ಸ್ನಾನ ಆದ ತಕ್ಷಣ, ಮೈ ಇನ್ನೂ ಹಸಿ ಇರೋವಾಗ್ಲೇ ಧಾರಾಳವಾಗಿ ಹಚ್ಚಿ. ಊಟದಲ್ಲಿ ಏನನ್ನೂ ಬಿಡಿಸ್ಬೇಡಿ. ಮಗು ಸೊರಗಿದೆ."

ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ ಹೇಳಿದಳು. "ನೀವು ಅಲ್ಲಿ ಬೆನ್ನು ಉಜ್ಕೊಂಡ್ರಿ."

"ಎಲ್ಲಿ?"

"ಬಾಗಿಲಿಗೆ. ಯಾರಿಗೂ ಇಲ್ಲ ಅಂತ ಹೇಳ್ತಾ ಹೇಳ್ತಾ."

"ಅದು ಬೆನ್ನು ಉಜ್ಜೋದು ಕಣೇ. ಎಲ್ಲರೂ ಉಜ್ತಾರೆ."

"ನಾನು ಉಜ್ಜಲ್ಲ."

ಗಂಡ ಅವಳನ್ನು ನಿಜವಾದ ಕನಿಕರದಿಂದ ನೋಡಿದ. "ಅದಕ್ಕೇ ನಿನಗೆ ಸದಾ ಬೆನ್ನು ನೋವು."

ಮನೆಗೆ ಬಂದವಳು ಚಪ್ಪಲಿ ಬಿಡುತ್ತ ನಡುಮನೆಯ ಚೌಕಟ್ಟನ್ನು ನೋಡಿದಳು. ಒಂಬತ್ತು ವರ್ಷದಿಂದ ತಾನೇ ಒರೆಸಿಕೊಂಡು ಬಂದ ಚೌಕಟ್ಟು. ಮಾವನ ಭುಜದ ಎತ್ತರಕ್ಕೆ ಬಣ್ಣ ಪೂರಾ ಹೋಗಿ ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ಅದಕ್ಕಿಂತ ನಾಲ್ಕು ಬೆರಳು ಮೇಲೆ ಗಂಡನದು. ಸೊಂಟದ ಎತ್ತರದಲ್ಲಿ, ಈಗಷ್ಟೆ ಬಣ್ಣ ಬಿಡತೊಡಗಿದ ಒಂದು ಪುಟ್ಟ ಜಾಗ. ಹಳೆಯ ಮನೆ, ಬಣ್ಣ ಹೋಗಿದೆ ಎಂದುಕೊಂಡು ಅವಳು ಇಷ್ಟು ದಿನ ಸುಮ್ಮನಿದ್ದಳು.

"ಏನಂದ್ರು ಡಾಕ್ಟ್ರು?" ಅತ್ತೆ ಅಡಿಗೆಮನೆಯಿಂದಲೇ ಕೇಳಿದರು. "ಊಟದ ವಿಷಯ ಕೇಳಿದ್ಯಾ?"

"ಎಲ್ಲಾನೂ ಕೊಡಬಹುದಂತೆ ಅತ್ತೆ."

"ಅವ್ರಿಗೇನು, ಹೇಳಿ ಮನೆಗೆ ಹೋಗ್ತಾರೆ. ಕೆರೆಯೋದು ನಮ್ಮ ಮಗು."

ಅಡಿಗೆಮನೆಯ ಬೀರುವಿನ ಬಾಗಿಲಿಗೆ ಅತ್ತೆ ಅಂಟಿಸಿದ ಪಟ್ಟಿಯಿತ್ತು. ಮೊಟ್ಟೆ, ಹಾಲು, ಮೀನು, ಕಡಲೆಕಾಯಿ, ಟೊಮೆಟೊ, ನಿಂಬೆಹಣ್ಣು, ಬಾಳೆಹಣ್ಣು, ಚಾಕೊಲೇಟು. ಪಟ್ಟಿಯ ತುದಿಯಲ್ಲಿ, ಕೆಳಗೆ ಎರಡೆರಡು ಗೆರೆ ಎಳೆಸಿಕೊಂಡು, ಬದನೆಕಾಯಿ. ಎರಡು ವರ್ಷದಲ್ಲಿ ಪಟ್ಟಿ ಬೆಳೆದು ಎರಡನೆಯ ಹಾಳೆಗೆ ಇಳಿದಿತ್ತು. ಜೀರುಂಡೆಗೆ ಉಳಿದದ್ದು ಅನ್ನ, ಸೋರೆಕಾಯಿ ಮತ್ತು ಅಜ್ಜಿಯ ಕಾಳಜಿ.

ಕಾಳಜಿಗೆ ಕೊರತೆಯಿರಲಿಲ್ಲ, ಅದನ್ನು ಸೊಸೆ ಒಪ್ಪಿಕೊಳ್ಳಬೇಕು. ಮಗುವಿಗೆ ಹತ್ತಿಬಟ್ಟೆಯ ಕೈಗವಸು ಹೊಲಿದು ಹಾಕುವವರು ಅತ್ತೆಯೇ, ಹಾಸಿಗೆಯನ್ನು ಬಿಸಿಲಿಗೆ ಹೊತ್ತುಹಾಕುವವರೂ ಅವರೇ. ಅಷ್ಟೆಲ್ಲ ಮಾಡಿ ಕೊನೆಗೆ ಒಂದು ನಿಟ್ಟುಸಿರು. "ನಿನ್ನ ತಪ್ಪು ಅಂತ ನಾನು ಯಾವತ್ತಾದ್ರೂ ಅಂದಿದ್ದೀನೇನಮ್ಮಾ? ಬಸುರಿಗೆ ನಾಲಿಗೆ ಚಪಲ ಇರೋದೇ. ಏನ್ಮಾಡೋದು, ಮಗು ಅನುಭವಿಸ್ಬೇಕು." ಬೈದಿದ್ದರೆ ಜಗಳವಾಡಬಹುದಿತ್ತು. ಈ ನಿಟ್ಟುಸಿರಿನ ಜೊತೆ ಹೇಗೆ ಜಗಳವಾಡುವುದು? ಮಗು ಕರಕರ ಎಂದಾಗಲೆಲ್ಲ ಸೊಸೆಯ ಹೊಟ್ಟೆಯಲ್ಲಿ ಆ ಎರಡು ಬದನೆಕಾಯಿಗಳು ಮಗ್ಗುಲು ಬದಲಿಸುತ್ತಿದ್ದವು. ಎಡಗಡೆಯ ಕಾಲಂನಲ್ಲಿ ಒಂದೇ ಒಂದು ಕಡೆ 'ಇದೆ' ಎಂದು ಬೀಳಲಿ, ಸಾಕು. ಆ ಪಟ್ಟಿ ಕೆಳಗಿಳಿಯುತ್ತದೆ, ಮಗು ಒಂದು ಮೊಟ್ಟೆ ತಿನ್ನುತ್ತದೆ, ತಾನು ತಲೆಯೆತ್ತಿಕೊಂಡು ಅಡಿಗೆಮನೆಗೆ ಹೋಗಬಹುದು.

ಬಲಗಡೆಯ ಕಾಲಂ ಅವಳು ಒಂದೇ ಸಂಜೆಯಲ್ಲಿ ತುಂಬಿಸಿದಳು. ತವರಿಗೆ ಫೋನ್ ಮಾಡಿದರೆ ಅಲ್ಲಿ ಎಲ್ಲರೂ ಉತ್ಸಾಹದಿಂದ ಸರದಿ ನಿಂತರು. ಅಣ್ಣ ಉಬ್ಬಸದ ಕತೆಯನ್ನು ಇನ್ನೊಮ್ಮೆ ಹೇಳಿ, "ನನಗೆ ಒಂದು ಸಲ ಕಣಜ ಕಚ್ಚಿ ತುಟಿ ಊದಿತ್ತು, ಬರ್ಕೊಳ್ತೀಯಾ?" ಎಂದ. ಎಡಗಡೆ ಮಾತ್ರ ಬೆಳ್ಳಗೆ ಉಳಿಯಿತು. ಮಾವನನ್ನು ಕೇಳಿದರೆ, "ರೋಗ? ನಮಗೆ?" ಎಂದು ಪತ್ರಿಕೆಯ ಹಿಂದೆ ಮರೆಯಾದರು. ಅತ್ತೆ, "ನಮ್ಮ ಕಡೆ ಯಾರಿಗೂ ಇಲ್ಲಮ್ಮ. ನಮ್ಮತ್ತೆ ಇದ್ದಾಗ್ಲೂ ಅದನ್ನೇ ಹೇಳೋರು," ಎಂದರು.

ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ಸೊಸೆ ಕೌಂಟರಿನ ಬುದ್ಧಿ ಓಡಿಸಿದಳು. ಜನರನ್ನು ಪ್ರಶ್ನೆ ಕೇಳಿದರೆ ಸುಳ್ಳು ಹೇಳುತ್ತಾರೆ, ದಾಖಲೆ ಕೇಳಿದರೆ ಹೆಮ್ಮೆಯಿಂದ ತೋರಿಸುತ್ತಾರೆ.

"ಮಾವ, ಸ್ವಲ್ಪ ನಿಮ್ಮ ಅಂಗೈ ತೋರಿಸ್ತೀರಾ?"

ಮೇಸ್ತ್ರಿಗೆ ಎಪ್ಪತ್ತೆರಡು. ಕೆಲಸ ಬಿಟ್ಟು ಆರು ವರ್ಷವಾದರೂ ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿ ಆಮೇಲೆ ಕೂರುವವರು. ಅವರು ಕನ್ನಡಕ ಹಣೆಗೇರಿಸಿ ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿದರು. "ನೋಡು, ಚೆನ್ನಾಗಿ ನೋಡು. ಒಬ್ಬ ಕೈ ನೋಡೋನು ನನಗೆ ಹೇಳಿದ್ದ, ಇಷ್ಟು ಗೆರೆ ನಾನು ಯಾರ ಕೈಯಲ್ಲೂ ಕಂಡಿಲ್ಲ ಅಂತ. ಅರ್ಧ ಗಂಟೆ ಓದಿದ. ಮುಗೀಲಿಲ್ಲ. ಎದ್ದು ಹೋದ."

"ಓದೋಕೆ ಬರ್ದೆ ಹೋಗಿರ್ತಾನೆ," ಎಂದರು ಅತ್ತೆ.

"ರೀ, ನಿಮ್ಮದೂ ಇಡಿ. ಜೀರುಂಡೆ, ನೀನೂ ಇಡು."

ಮೂರು ಜೊತೆ ಅಂಗೈಗಳು ಸಾಲಾಗಿ ಕೂತವು. ಉಳಿ ಹಿಡಿದು ಗೀಚಿದಂತೆ, ಒಂದರ ಮೇಲೊಂದು ಅಡ್ಡಾದಿಡ್ಡಿ ಗೆರೆಗಳು. ದೊಡ್ಡದು, ಮಧ್ಯಮ, ಚಿಕ್ಕದು ಎಂಬುದು ಬಿಟ್ಟರೆ ವ್ಯತ್ಯಾಸವೇ ಇಲ್ಲ. ಸೊಸೆ ತನ್ನ ಅಂಗೈಯನ್ನೂ ಪಕ್ಕಕ್ಕಿಟ್ಟಳು. ಅತ್ತೆಯೂ ಕುತೂಹಲಕ್ಕೆ ಇಟ್ಟರು. ಇಬ್ಬರದೂ ಆಗ ತಾನೇ ಒರೆಸಿದ ಸ್ಲೇಟಿನ ಹಾಗಿತ್ತು, ನಾಲ್ಕು ಗೆರೆ, ಮುಗಿಯಿತು.

ಮೇಸ್ತ್ರಿಯ ಮುಖ ಅರಳಿತು. "ಕಂಡ್ಯಾ! ಮೂರೂ ಒಂದೇ ಅಚ್ಚು. ಇದು ನಮ್ಮ ವಂಶದ ಕೈ ಕಣಮ್ಮ. ಮದುವೆಯಾಗಿ ಬಂದವ್ರಿಗೆ ಇದು ಸಿಗಲ್ಲ. ಹುಟ್ಟಿನಿಂದಲೇ ಬರ್ಬೇಕು. ಬರ್ಕೋ, ಆ ಕಾಗದದಲ್ಲಿ ಬರ್ಕೋ!"

"ಬರ್ಕೊಳ್ತೀನಿ ಮಾವ," ಎಂದು ಸೊಸೆ ಪೆನ್ನಿನ ಮುಚ್ಚಳ ತೆಗೆದಳು. ತೆಗೆದವಳು, ಡಾಕ್ಟರಮ್ಮ ಅಂಗೈ ನೋಡಿ ಹೇಳಿದ್ದನ್ನೂ, ಇಟ್ಟಿಗೆಯ ಚಿತ್ರವನ್ನೂ, ಬಿಟ್ಟುಹೋದ ಸಾಲನ್ನೂ ಒಂದೂ ಬಿಡದೆ ಹೇಳಿದಳು.

ಮೇಸ್ತ್ರಿ ಕೈಗಳನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡರು. ತಡವಾಗಿತ್ತು.

"ಗೋಡೆ ಅಂತೆ! ಗಾರೆ ಕಮ್ಮಿ ಅಂತೆ! ಯಾರಿಗೆ ಹೇಳ್ತಿದ್ದಾರೆ ಅವ್ರು? ಐವತ್ತು ವರ್ಷದಲ್ಲಿ ಈ ಕೈ ಕಟ್ಟಿದ ಒಂದೇ ಒಂದು ಗೋಡೆ ಒಸರಿದ್ದು ತೋರಿಸ್ಲಿ ನೋಡೋಣ! ಒಂದು ಬಿರುಕು!" ಎನ್ನುತ್ತ ಅವರು ಸಿಟ್ಟಿನಿಂದ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಕೈ ಮುಂದೆ ಚಾಚಿದರು.

ಮೊಣಕೈ ಮಡಿಕೆಯಲ್ಲಿ ಅಂಗೈಯಗಲದ ಬೂದು ಕಲೆ. ಒಣಗಿದ ಕೆರೆಯ ತಳದಂತೆ ಚೌಕಚೌಕವಾಗಿ ಬಿರಿದ, ದಪ್ಪನೆಯ ಚರ್ಮ.

ಜೀರುಂಡೆ ಕುರ್ಚಿಯಿಂದಿಳಿದು ಬಂದು ತನ್ನ ಕೈಯನ್ನು ತಾತನ ಕೈಯ ಪಕ್ಕಕ್ಕೆ ಹಿಡಿದಳು. ಮಡಿಕೆಗೆ ಮಡಿಕೆ.

"ತಾತಾ, ನಿನಗೂ ಇದೆ."

"ಇದು ಅದಲ್ಲ ಮಗಾ," ಎಂದರು ಮೇಸ್ತ್ರಿ ದನಿ ಇಳಿಸಿ. "ಇದು ರೋಗ ಅಲ್ಲ. ಇದು ಸೂಚನೆ."

ಸೂಚನೆಯ ಲೆಕ್ಕ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮೊಣಕೈ ಕೆರೆದರೆ ಹೊಸ ಕೆಲಸ ಬರುತ್ತದೆ. ಮೊಣಕಾಲ ಹಿಂದೆ ಕೆರೆದರೆ ನೆಂಟರು. ಕುತ್ತಿಗೆ ಕೆರೆದರೆ ಮಳೆ. ಬೆರಳ ಸಂದಿ ಕೆರೆದರೆ ಯಾರೋ ನೆನಸಿಕೊಳ್ಳುತ್ತಿದ್ದಾರೆ. ಗಂಡ ಟೈಲ್ಸ್ ಕೆಲಸಕ್ಕೆ ಒಪ್ಪಿಕೊಳ್ಳುವ ಮುನ್ನ ಮೊಣಕೈಯ ಅಭಿಪ್ರಾಯ ಕೇಳುತ್ತಿದ್ದ. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ತನಗೆ ಯಾವ ಸೂಚನೆಯೂ ಬರುವುದಿಲ್ಲವಲ್ಲ ಎಂದು ಕೊರಗಿದ್ದೂ ಉಂಟು. ಡಾಕ್ಟರಮ್ಮನ ಮುಂದೆ ಗಂಡ ಇಟ್ಟ ಆಣೆ ಸುಳ್ಳಲ್ಲ. ರೋಗವನ್ನಷ್ಟೇ ಅವರು ಕೇಳಿದ್ದು.

ಜೀರುಂಡೆ ಯೋಚಿಸಿದಳು. "ನನಗೆ ಎಲ್ಲ ಕಡೆನೂ ಒಟ್ಟಿಗೆ ಕೆರೆಯತ್ತಲ್ಲ ತಾತ. ಆಗ ಏನು ಬರತ್ತೆ?"

ಮೇಸ್ತ್ರಿ ಅಂಗಿಯ ತೋಳನ್ನು ಕೆಳಕ್ಕೆ ಎಳೆದುಕೊಂಡರು. ಇಂಥ ಪ್ರಶ್ನೆ ಅವರೂ ಒಮ್ಮೆ ಕೇಳಿರಬೇಕು, ಉತ್ತರ ಸಿಕ್ಕಿರಲಿಲ್ಲ. "ಇದನ್ನೆಲ್ಲ ನನಗೆ ಹೇಳ್ಕೊಟ್ಟಿದ್ದು ನಮ್ಮಮ್ಮ," ಎಂದರು. "ನಾನು ನಿನ್ನಷ್ಟೇ ಇದ್ದೆ. ಸ್ಕೂಲಲ್ಲಿ ಯಾರೂ ಪಕ್ಕ ಕೂರಿಸ್ಕೊಳ್ತಿರ್ಲಿಲ್ಲ. ಅಳ್ತಾ ಬರ್ತಿದ್ದೆ. ಅಳ್ಬೇಡ್ವೋ, ಇದು ಎಲ್ಲರಿಗೂ ಸಿಗಲ್ಲ, ನಾಳೆ ಏನಾಗತ್ತೆ ಅನ್ನೋದು ಮೈಗೇ ಗೊತ್ತಾಗತ್ತೆ ಅನ್ನೋಳು. ಅವಳಿಗೆ ಇನ್ನೂ ಜೋರಾಗಿ ಬರ್ತಿತ್ತು ಸೂಚನೆ. ಚಳಿಗಾಲದಲ್ಲಂತೂ ಮೊಣಕೈಯಿಂದ ರಕ್ತ ಬರೋದು. ಅದಕ್ಕೇ ಸಾಯೋವರೆಗೂ ತುಂಬುತೋಳಿನ ರವಿಕೆ."

"ಯಾರಿಗೆ?" ಎಂದರು ಅತ್ತೆ.

ದನಿ ಎಷ್ಟು ಮೆಲ್ಲಗಿತ್ತೆಂದರೆ ಮೇಸ್ತ್ರಿಗೆ ಅಪಾಯ ತಿಳಿಯಲಿಲ್ಲ. "ನಮ್ಮಮ್ಮನಿಗೆ."

"ನಿಮ್ಮಮ್ಮನಿಗಿತ್ತಾ?"

"ಇಲ್ದೇ ಏನು? ಅವಳದ್ದೇ ತಾನೇ ನನಗೆ ಬಂದಿರೋದು," ಎಂದ ಮೇಸ್ತ್ರಿಗೆ ಆ ಮಾತು ಮುಗಿಯುವ ಹೊತ್ತಿಗೆ ತಾನು ಎಲ್ಲಿ ಬಂದು ನಿಂತಿದ್ದೇನೆ ಎಂದು ಮಸುಕಾಗಿ ಹೊಳೆಯಿತು.

ಅತ್ತೆ ಮಗನ ಕಡೆ ತಿರುಗಿದರು. "ನೀನು ಹುಟ್ಟಿ ಮೂರು ತಿಂಗಳಿಗೆ ಕೆನ್ನೆಯೆಲ್ಲ ಕೆಂಪಾಗಿ ಒಸರೋದು. ಎರಡು ವರ್ಷ ಕೆರೆದೆ. ಅದು ಯಾರಿಂದ ಅಂತ ನಿನ್ನಜ್ಜಿ ಹೇಳಿದ್ರು ಗೊತ್ತೇನೋ ನಿನಗೆ?"

"ನನಗೂ ಇತ್ತಾ ಅಮ್ಮಾ?" ಗಂಡ ಎದ್ದು ನಿಂತ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಗೋ ಹೇಳ್ಲಿ? ನನ್ನ ತಪ್ಪು ಅಂತ ಅಲ್ವಾ ನಾನು ಬಾಯಿ ಮುಚ್ಕೊಂಡಿದ್ದು! ಏಳನೇ ತಿಂಗಳಲ್ಲಿ ತವರಲ್ಲಿ ಒಂದು ಸಲ, ಒಂದೇ ಒಂದು ಸಲ, ಬದನೆಕಾಯಿ ತಿಂದಿದ್ದೆ. ಅತ್ತೇನ ನಂಬಿ ಅವ್ರ ಹತ್ರ ಹೇಳ್ಕೊಂಡೆ. ಆಯ್ತು. ಅವ್ರು ಏನಂದ್ರು ಗೊತ್ತಾ? ನಮ್ಮ ಕಡೆ ಯಾರಿಗೂ ಇಲ್ಲಮ್ಮ, ನಿನ್ನ ತಪ್ಪು ಅಂತ ನಾನು ಅಂದ್ನಾ, ಬಸುರಿಗೆ ನಾಲಿಗೆ ಚಪಲ..." ಅತ್ತೆ ಅಲ್ಲಿಗೇ ನಿಲ್ಲಿಸಿದರು. ಅವರ ಕಣ್ಣು ಸೊಸೆಯ ಕಡೆ ಹೋಗಿ, ತಟ್ಟನೆ ಮೇಜಿನ ಮೇಲಿನ ಸಕ್ಕರೆ ಡಬ್ಬಿಗೆ ಜಾರಿತು.

ಸೊಸೆಯೂ ಸಕ್ಕರೆ ಡಬ್ಬಿಯನ್ನೇ ನೋಡಿದಳು.

ಆಮೇಲೆ ಅತ್ತೆ ಮೇಸ್ತ್ರಿಯ ಕಡೆ ತಿರುಗಿದರು. "ಮೂವತ್ತೆಂಟು ವರ್ಷ ರೀ! ಮೂವತ್ತೆಂಟು ವರ್ಷ ನಾನು ಬದನೆಕಾಯಿ ಮುಟ್ಟಿಲ್ಲ. ಮಾರ್ಕೆಟ್ಟಿನಲ್ಲಿ ಎದುರಿಗೆ ಸಿಕ್ಕಿದ್ರೆ ಹಳೇ ಶತ್ರು ಕಂಡ ಹಾಗೆ ಮುಖ ತಿರುಗಿಸ್ಕೊಂಡು ಹೋಗಿದ್ದೀನಿ. ನಿಮ್ಮಮ್ಮ ತುಂಬುತೋಳಿನೊಳಗೆ ಕರಕರ ಕೆರ್ಕೊಂಡು ನನಗೆ ಬುದ್ಧಿ ಹೇಳ್ತಿದ್ರಾ?"

"ನಿನಗೆ ಬದನೆಕಾಯಿ ಅಷ್ಟು ಇಷ್ಟ ಅಂತ ನನಗೇನು ಗೊತ್ತು?"

"ಪ್ರಾಣ!" ಎಂದು ಅತ್ತೆ ಕೂಗಿದ ಹೊಡೆತಕ್ಕೆ ಜೀರುಂಡೆ ಕೆರೆಯುವುದನ್ನೇ ಮರೆತಳು.

"ಅವಳು ಬೇಕೂಂತ ಹೇಳಿರಲ್ಲ ಕಣೇ. ಅವಳ ಪಾಲಿಗೂ ಅದು ರೋಗ ಅಲ್ಲ..."

"ಸೂಚನೆ! ಗೊತ್ತಾಯ್ತು! ಈಗ ನಿಮ್ಮ ಮೊಣಕೈ ಏನು ಹೇಳ್ತಿದೆ ಕೇಳಿ ನೋಡಿ, ಇವತ್ತು ಈ ಮನೇಲಿ ನಿಮಗೆ ಊಟ ಇದ್ಯೋ ಇಲ್ವೋ ಅಂತ."

ಮೇಸ್ತ್ರಿಯ ಕೈ ಯಾಂತ್ರಿಕವಾಗಿ ಮೊಣಕೈ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತು, ವಾಪಸ್ ಬಂತು.

ಅತ್ತೆ ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆದುಕೊಂಡು ಕೂತರು. "ಎಲ್ಲಿ ಆ ಫಾರಂ? ಬರಿ. ಮಗುವಿನ ತಂದೆ?"

"ಇದೆ," ಎಂದು ಸೊಸೆ ಬರೆದಳು.

"ತಾತ?"

"ಇದೆ."

"ತಾತನ ತಾಯಿ? ಅದಕ್ಕೆ ಜಾಗ ಇಲ್ವಾ? ಅಂಚಿನಲ್ಲಿ ಬರಿ. ಇತ್ತು ಅಂತ ದಪ್ಪಕ್ಷರದಲ್ಲಿ ಬರಿ. ಕೆಳಗೆ ಗೆರೆ ಎಳಿ. ಎರಡು ಗೆರೆ."

ಸೊಸೆ ಎರಡು ಗೆರೆ ಎಳೆದಳು. ಎಳೆದ ಮೇಲೆ, ಇಷ್ಟು ದಿನ ಬಯಸಿದ್ದು ಕೈಗೆ ಬಂದ ಗಳಿಗೆಯಲ್ಲೇ, ಕೌಂಟರಿನ ಪ್ರಾಮಾಣಿಕತೆ ಅವಳನ್ನು ಕಾಡಿತು. "ಅತ್ತೆ, ಆದ್ರೆ ಡಾಕ್ಟ್ರು ಹೇಳಿದ್ರು, ಒಂದೇ ಕಡೆಯಿಂದ ಅಂತ ಹೇಳೋಕಾಗಲ್ಲವಂತೆ. ನಮ್ಮಣ್ಣನ ಉಬ್ಬಸಾನೂ ಇದರ ನೆಂಟನೇ ಅಂತೆ. ನನ್ನ ಕಡೆಯಿಂದಲೂ ಒಂದೆರಡು ಸಾಲು..."

"ಸುಮ್ನಿರು," ಎಂದರು ಅತ್ತೆ. "ನಾಳೆಯಿಂದ ಪಾಲು ಮಾಡ್ಕೊಳ್ಳೋಣ. ಇವತ್ತೊಂದು ದಿನ ಪೂರ್ತಿ ಇವ್ರದ್ದೇ ಇರ್ಲಿ."

ಅವರೆದ್ದು ಹೋಗಿ ಬೀರುವಿನ ಬಾಗಿಲಿಂದ ಎರಡೂ ಹಾಳೆಗಳನ್ನು ಕಿತ್ತರು. ಅಂಟು ಬಲವಾಗಿತ್ತು, ಬೀರುವಿನ ಬಣ್ಣವೂ ಸ್ವಲ್ಪ ಜೊತೆಗೆ ಬಂತು. ಒಂದು ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಉದುರಿಸಿ ಜೀರುಂಡೆಯ ಮುಂದಿಟ್ಟು, ಅವಳು ತಿನ್ನುವವರೆಗೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರಿಗೇ ನಿಂತರು. ಅರ್ಧ ಗಂಟೆ ಬಿಟ್ಟು ಮಗುವಿನ ಕೆನ್ನೆ ನೋಡಿದರು. ಸಂಜೆ ಇನ್ನೊಮ್ಮೆ ನೋಡಿದರು. ಏನೂ ಆಗಿರಲಿಲ್ಲ. ಆಗ ಅವರ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಮೋಸ ಹೋದವರ ಬೆರಗು ಕಂಡಿತು.

ಮೇಸ್ತ್ರಿ ಎರಡು ದಿನ ಮಾತು ಬಿಟ್ಟರು. ಹಿತ್ತಲ ಮೆಟ್ಟಿಲ ಮೇಲೆ ಕೂತು ತಾವೇ ಕಟ್ಟಿದ ಕಾಂಪೌಂಡ್ ಗೋಡೆಯನ್ನು ದಿಟ್ಟಿಸುತ್ತಿದ್ದರು. ಸೋಮವಾರ ಎದ್ದು ಹೋಗಿ ಅದಕ್ಕೆ ಗೆಣ್ಣಿನಿಂದ ಬಡಿದು ನೋಡಿದರು. ಗೋಡೆ ಗಟ್ಟಿಯಾಗಿತ್ತು. ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಮಂಗಳವಾರ ಸಂಜೆ ಜೀರುಂಡೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಓಡಿ ಬಂದಳು. ಸೊಸೆ ಕೆಲಸದಿಂದ ಆಗಷ್ಟೆ ಬಂದಿದ್ದಳು. ಗಂಡ ಮುಲಾಮಿನ ಡಬ್ಬಿ ಹಿಡಿದು ಮಗುವಿನ ಕೈಗೆ ಹಚ್ಚತೊಡಗಿದ.

"ಬೇಗ ಅಪ್ಪಾ, ಮೈ ಒಣಗೋದ್ರೊಳಗೆ ಹಚ್ಬೇಕಂತೆ!"

ಮೆಟ್ಟಿಲ ಮೇಲಿನ ಬೆನ್ನು ಅಲುಗಿತು. "ಯಾಕಂತೆ?"

"ನೀರು ಒಳಗೇ ಉಳೀಬೇಕಂತೆ ತಾತ. ಗೋಡೆಯೊಳಗೆ."

ಮೇಸ್ತ್ರಿ ಎದ್ದು ಒಳಗೆ ಬಂದರು. "ಅದು ಕ್ಯೂರಿಂಗು," ಎಂದರು, ಎರಡು ದಿನದ ಮೇಲೆ ಆಡಿದ ಮೊದಲ ಮಾತು. "ಹಸಿ ಇರೋವಾಗ್ಲೇ ನೀರು ಹಿಡಿದಿಡ್ಬೇಕು. ಇಲ್ಲದಿದ್ರೆ ಎಂಥ ಗೋಡೆಯಾದ್ರೂ ಬಿರಿಯತ್ತೆ. ಡಾಕ್ಟ್ರಿಗೆ ಅಷ್ಟು ಗೊತ್ತಾ?" ಮಗ ಹಚ್ಚುವುದನ್ನು ಕ್ಷಣಹೊತ್ತು ನೋಡಿದರು, ತಡೆಯಲಾಗಲಿಲ್ಲ. "ಏನೋ ಅದು? ಟೈಲ್ಸ್‌ಗೆ ಸಿಮೆಂಟ್ ಮೆತ್ತೋ ಹಾಗೆ ಮೆತ್ತುತೀಯಲ್ಲ! ಮಡಿಕೇಲಿ ನೋಡು, ಅರ್ಧ ಇಂಚು ಬಿಟ್ಟಿದ್ದೀಯ. ಕೊಡಿಲ್ಲಿ."

ಡಬ್ಬಿ ಕಸಿದುಕೊಂಡು ಹೆಬ್ಬೆರಳಿನಿಂದ ಒಂದು ಮುದ್ದೆ ತೆಗೆದರು. ಕರಣೆಯಿಂದ ಗಾರೆ ಎಳೆಯುವಂತೆ ಭುಜದಿಂದ ಮುಂಗೈವರೆಗೆ ಒಂದೇ ಹದದಲ್ಲಿ ಎಳೆದರು. ತಲೆ ಓರೆ ಮಾಡಿ, ಬೆಳಕಿಗೆ ಹಿಡಿದು, ಎಲ್ಲಿಯಾದರೂ ಉಬ್ಬು ತಗ್ಗು ಇದೆಯೋ ನೋಡಿದರು. ಜೀರುಂಡೆಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು.

"ಅಲುಗ್ಬೇಡ. ಗೋಡೆ ಎಲ್ಲಾದ್ರೂ ನಗತ್ತಾ?"

"ಈಗ ನಿನಗೆ, ತಾತ."

"ನನಗ್ಯಾಕೆ?"

"ನಿನ್ನದು ಇನ್ನೂ ಹಳೇ ಗೋಡೆ."

ಮೇಸ್ತ್ರಿ ಸುತ್ತ ನೋಡಿದರು. ಮಗನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ, ಸೊಸೆ ಕೈಕಾಲು ತೊಳೆದು ಅತ್ತೆಯಿದ್ದ ಅಡಿಗೆಮನೆಗೆ ಹೋಗಿದ್ದಳು. ಅವರು ಬಚ್ಚಲಿಗೆ ಹೋಗಿ ಎರಡೂ ಕೈ ಒದ್ದೆ ಮಾಡಿಕೊಂಡು ಬಂದು, ಕಣ್ಣು ಬೇರೆ ಕಡೆ ಇಟ್ಟುಕೊಂಡು, ತೋಳು ಮಡಿಸಿದರು. ಜೀರುಂಡೆ ನಾಲಿಗೆ ಕಚ್ಚಿಕೊಂಡು ಬೂದು ಕಲೆಯ ಮೇಲೆ ಮುಲಾಮು ಸವರಿದಳು. ಅರವತ್ತೈದು ವರ್ಷದಲ್ಲಿ ಆ ಜಾಗವನ್ನು ಬೇರೊಬ್ಬರ ಕೈ ಮುಟ್ಟಿರಲಿಲ್ಲ. "ಹೂಂ. ತಣ್ಣಗಿದೆ," ಎಂದರು ಮೇಸ್ತ್ರಿ.

ಡಬ್ಬಿಯಲ್ಲಿ ಉಳಿದದ್ದನ್ನು ಗಂಡ ತನ್ನ ಎರಡೂ ಕೈಗೆ ಬಳಿದುಕೊಂಡ. ಹೀರಿಕೊಳ್ಳುವವರೆಗೆ ಏನನ್ನೂ ಮುಟ್ಟಬಾರದೆಂದು ಡಾಕ್ಟರಮ್ಮ ಹೇಳಿದ್ದರೆಂದು ಜೀರುಂಡೆ ಆಜ್ಞೆ ಹೊರಡಿಸಿದಳು. ಡಾಕ್ಟರಮ್ಮ ಹಾಗೇನೂ ಹೇಳಿರಲಿಲ್ಲ. ಮೂವರೂ ನಡುಮನೆಯ ಬೆಂಚಿನ ಮೇಲೆ ಸಾಲಾಗಿ ಕೂತು ಕೈಗಳನ್ನು ಮುಂದಕ್ಕೆ ಚಾಚಿಕೊಂಡರು.

ಹೊರಬಾಗಿಲ ಬೆಲ್ಲು ಸದ್ದು ಮಾಡಿತು.

"ಯಾರಾದ್ರೂ ಬಾಗಿಲು ತೆಗೀರಪ್ಪಾ!" ಎಂದು ಗಂಡ ಅಡಿಗೆಮನೆಯ ಕಡೆ ಕೂಗಿದ. "ನಮ್ಮ ಕೈ ಖಾಲಿ ಇಲ್ಲ!"

ಅಡಿಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಅತ್ತೆಯ ದನಿ ಏನೋ ಹೇಳಿತು, ಮೆಲ್ಲಗೆ, ಉದ್ದಕ್ಕೆ. ಸೊಸೆ ಜೋರಾಗಿ ನಕ್ಕಳು. ಅವಳು ಹಾಗೆ ನಗುವುದನ್ನು ಗಂಡ ಕೇಳಿ ಬಹಳ ದಿನವಾಗಿತ್ತು. ಆಮೇಲೆ ಅತ್ತೆಯೂ ನಕ್ಕರು.

ಬೆಲ್ಲು ಇನ್ನೊಮ್ಮೆ ಸದ್ದು ಮಾಡಿತು. ಬೆಂಚಿನ ಮೇಲೆ ಮೂವರೂ ಬಾಗಿಲನ್ನೇ ನೋಡುತ್ತ ಕೂತರು. ಕಿಟಕಿಯಿಂದ ಬಿದ್ದ ಸಂಜೆಯ ಬೆಳಕಿನಲ್ಲಿ ಆರು ಕೈಗಳು ಈಗ ತಾನೇ ಸಾರಿಸಿದ ಗೋಡೆಯಂತೆ ಮಿರುಗುತ್ತಿದ್ದವು.